ಸಿಸ್ಟರ್ ಆದ ದಿನ

ಹೊಸ ಬಿಳಿ ಸಮವಸ್ತ್ರ ತೊಟ್ಟು, ಊಟದ ಡಬ್ಬಿ ಹಿಡಿದು ಅವಳು ಆಯಾಗಳ ಕೋಣೆಗೆ ಬಂದಾಗ, ದೊಡ್ಡ ಆಯಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿ ಎದ್ದು ನಿಂತಳು.

"ಅಯ್ಯೋ, ಕೂತ್ಕೊಳ್ಳಕ್ಕಾ. ನಾನೇ!"

ಗಡಿಯಾಚೆಯ ಪ್ರಾಂತ್ಯದಲ್ಲಿ ಅವಳು ಹೆರಿಗೆ ವಾರ್ಡಿನ ನರ್ಸ್ ಆಗಿದ್ದವಳು. ಗಂಡ ತೀರಿಕೊಂಡ ಮೇಲೆ ಕೆಲಸ ಹುಡುಕಿ ಈಚೆಗೆ ಬಂದರೆ, ಆ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ ಎಂದುಬಿಟ್ಟರು. ಹೊಟ್ಟೆಪಾಡಿಗೆ ಇದೇ ಆಸ್ಪತ್ರೆಯ ನೆಲ ಒರೆಸತೊಡಗಿದಳು. ಗುರುತು ಪರಿಚಯವಿಲ್ಲದ ಊರಿನಲ್ಲಿ, "ಬಾರೇ, ಅನ್ನ ಆರಿಹೋಗುತ್ತೆ" ಎಂದು ಗದರಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದವಳು ದೊಡ್ಡ ಆಯಾ ಒಬ್ಬಳೇ. ಜ್ವರ ಬಂದು ಮಲಗಿದಾಗ ಬಾಗಿಲು ತಟ್ಟಿದವಳೂ ಅವಳೇ. ಈಗ ಒಂದರ ಸರ್ಟಿಫಿಕೇಟನ್ನು ಇನ್ನೊಂದು ಒಪ್ಪಬೇಕೆಂದು ಎರಡೂ ಪ್ರಾಂತ್ಯಗಳು ಒಪ್ಪಂದ ಮಾಡಿಕೊಂಡಿದ್ದವು. ಅಂದು ಬೆಳಿಗ್ಗೆ ಆಸ್ಪತ್ರೆಯವರು ಅವಳನ್ನು ನರ್ಸ್ ಎಂದು ಒಪ್ಪಿ ಸಮವಸ್ತ್ರ ಕೊಟ್ಟಿದ್ದರು. ಹೇಳಿಕೊಳ್ಳಲು ಬೇರೆ ಯಾರಿದ್ದರು? ಓಡೋಡಿ ಇಲ್ಲಿಗೇ ಬಂದಿದ್ದಳು.

"ಗೊತ್ತಾಯ್ತು ಸಿಸ್ಟರ್. ಕೇಳಿಯೇ ಹೊಟ್ಟೆ ತುಂಬಿಹೋಯ್ತು." ದೊಡ್ಡ ಆಯಾಳ ಕಣ್ಣು ನಿಜಕ್ಕೂ ಅರಳಿತ್ತು, ಮಾತಿನಲ್ಲಿ ಕೊಂಕಿರಲಿಲ್ಲ. "ಆದ್ರೆ ನೀವು ಇಲ್ಲಿ ಊಟಕ್ಕೆ ಕೂತ್ರೆ ಹೆಡ್ ಸಿಸ್ಟರ್ ನಮ್ಮನ್ನ ಬೈತಾರೆ. ನಿಮ್ಮ ರೂಮು ಮೇಲಿದೆಯಲ್ಲ."

"ನನ್ನನ್ನ ಹಾಗೆ ಕರೀಬೇಡಕ್ಕಾ."

ದೊಡ್ಡ ಆಯಾಳ ನೋಟ ಮತ್ತೆ ಆ ಬಿಳಿ ಬಟ್ಟೆಯ ಮೇಲೆ ಬಿತ್ತು. ಅವಳು ಬಗ್ಗಿ, ತಾನು ಕೂತಿದ್ದ ಬೆಂಚನ್ನು ಸೆರಗಿನಿಂದ ಒರೆಸಿ, "ಕೂತ್ಕೊಳ್ಳಿ" ಎಂದಳು. ತಾನು ಮಾತ್ರ ಗೋಡೆಗೆ ಸರಿದು ನಿಂತಳು.