ಸವತಿಯ ಆಯುಷ್ಯ

ಮೇಜಿನ ಮೇಲೆ ಮೊದಲು ಯಾರು ಮಲಗಬೇಕು ಎಂಬುದು ದೇವದುರ್ಗದ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ. ಊಟದ ಎಲೆಗಾಗಲಿ ಉಡಿ ತುಂಬಿಸಿಕೊಳ್ಳುವುದಕ್ಕಾಗಲಿ ಹಿರಿಯ ಹೆಂಡತಿಯೇ ಮೊದಲು. ಹೆಂಗಸರ ಕ್ಯಾನ್ಸರ್ ತಪಾಸಣೆಗೂ ಅದೇ ನಿಯಮವೋ ಏನೋ, ಹೇಳುವವರಿರಲಿಲ್ಲ. ಎಂಬತ್ತೈದನೇ ಇಸವಿಯಲ್ಲಿ ಅಂಥ ಶಿಬಿರ ಊರಿಗೆ ಬಂದದ್ದೇ ಮೊದಲು.

ಗೋಪಮ್ಮ ತನ್ನ ಹಕ್ಕು ಬಿಟ್ಟುಕೊಟ್ಟಳು. "ಈಕಿನ್ನ ಮೊದ್ಲ ನೋಡ್ರಿ," ಎಂದು ಸವತಿ ಶೇಖಮ್ಮನನ್ನು ಮುಂದೆ ನೂಕಿದಳು.

ಸಾಲಿನಲ್ಲಿದ್ದವರ ಕಿವಿ ನೆಟ್ಟಗಾದವು. ಶೇಖಮ್ಮ ಮನೆ ಹೊಕ್ಕ ದಿನವೇ ಗೋಪಮ್ಮನ ಟ್ರಂಕು ಬೀದಿಗೆ ಬಿದ್ದಿತ್ತು. ಅಂದಿನಿಂದ ಅವಳಿಗೆ ಮಾನ್ವಿಯ ತಮ್ಮನ ಮನೆಯೇ ಗತಿ. ಅಲ್ಲಿಂದ ಬಸ್ಸು ಹತ್ತಿ ಬಂದವಳು ಸವತಿಗೆ ರೋಗ ಹತ್ತಿದ್ದನ್ನು ಕಣ್ಣಾರೆ ಕಂಡೇ ಹೋಗುವವಳು ಎಂದು ಎಲ್ಲರೂ ತಿಳಿದರು.

"ನನಗೇನಾಗ್ಯದಕ್ಕಾ? ಮನ್ಯಾಗ ಕೆಲಸ ಬಾಳ ಅದ. ಹೊತ್ತಾದ್ರ ಅವರು ಒದರ್ತಾರ."

"ಒದರಲಿ ಬಿಡು. ನನ್ನ ಹೊರಗ ಹಾಕಿದಾಗ ಇಬ್ರೂ ಎಷ್ಟ್ ನಕ್ಕಿದ್ರಿ! ನಿನ್ನ ಅಷ್ಟ್ ಸಲೀಸ ಬಿಡ್ತೀನೇನ ಬೇ?"

ನರ್ಸ್ ಖಾಸಿಂ ಬೀ ಪರದೆ ಸರಿಸಿದಳು. "ಏನೂ ಆಗದಿದ್ದಾಗ್ಲೇ ನೋಡ್ಬೇಕವ್ವಾ. ಮೂವತ್ತೈದರ ನೀನೂ ಬೇಕು, ಐವತ್ತರ ನಿಮ್ಮಕ್ಕನೂ ಬೇಕು. ಜಗಳ ಹೊರಗ ಇಟ್ಟು ಬರ್ರಿ."

ಇಬ್ಬರದೂ ತಪಾಸಣೆಯಾಯಿತು. ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಗೋಪಮ್ಮನಿಗೆ ಏನೂ ಇಲ್ಲ. ಶೇಖಮ್ಮನ ಗರ್ಭಚೀಲದ ಬಾಯಲ್ಲಿ ರೋಗ.

ಗೋಪಮ್ಮನ ಮುಖದ ರಕ್ತ ಇಳಿಯಿತು. ಎಷ್ಟು ಚೆನ್ನಾಗಿ ನಟಿಸುತ್ತಾಳೆ ಎಂದುಕೊಂಡರು ಜನ.

"ಸಾಯ್ತಾಳೇನ್ರಿ?" ಎಂದಳು ಡಾಕ್ಟರಮ್ಮನಿಗೆ.

"ಈಗಿನ್ನೂ ಶುರು. ರಾಯಚೂರಿಗೆ ಹೋಗಿ ಆಪರೇಷನ್ ಮಾಡಿಸಿದರೆ ಉಳಿಯುತ್ತಾಳೆ."

"ಅಕ್ಕಾ, ನನಗ ಹೆದರಿಕಿ ಆಗ್ತದ," ಎಂದು ಶೇಖಮ್ಮ ಅತ್ತಳು.

"ಬಾಯಿ ಮುಚ್ಚು! ನೀ ಸತ್ತಗಿತ್ತಿ ಅಂದ್ರ ನಿನ್ನ ಸುಮ್ನ ಬಿಡಂಗಿಲ್ಲ ನಾ."

ಮರುದಿನವೇ ಗೋಪಮ್ಮ ಅವಳನ್ನು ಬಸ್ಸು ಹತ್ತಿಸಿದಳು. ಆಸ್ಪತ್ರೆಯಲ್ಲಿ ಶೇಖಮ್ಮನ ತಾಯಿ ಉಳಿದಳು. ಇತ್ತ ಗೋಪಮ್ಮ ಸೆರಗು ಸಿಕ್ಕಿಸಿ ಸವತಿಯ ಮನೆ ನಡೆಸಿದಳು, ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ಓಣಿಯ ಹೆಂಗಸರು ತಾವು ಆಡಿದ ಮಾತಿಗೆ ನಾಚಿದರು. ಖಾಸಿಂ ಬೀಯಂತೂ ಕಣ್ಣೊರೆಸಿಕೊಂಡಳು.

ಶೇಖಮ್ಮ ಗುಣವಾಗಿ ಮರಳಿದಳು. ಮೈಯಲ್ಲಿ ಕಸುವು ತುಂಬುವವರೆಗೂ ಗೋಪಮ್ಮ ಅವಳಿಗೆ ಬಿಸಿ ಅಂಬಲಿ ಕುಡಿಸಿದಳು. ಕೊಡ ಎತ್ತಿಸಿ ನೋಡಿದಳು. ಶೇಖಮ್ಮ ಸಲೀಸಾಗಿ ಎತ್ತಿದಳು.

"ನೂರು ವರ್ಷ ಬಾಳು ಬೇ," ಎಂದು ಮನಸಾರೆ ಹರಸಿ, ಗೋಪಮ್ಮ ಮಾನ್ವಿಯ ಬಸ್ಸು ಹಿಡಿದಳು.

ಲಕ್ವಾ ಹೊಡೆದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದ ಗಂಡ ಹುಲಿಗೆಪ್ಪನ ಹೇಲುಚ್ಚೆ ಬಳಿಯುವ ಕೆಲಸ ಶೇಖಮ್ಮನ ಪಾಲಿಗೇ ಉಳಿಯಿತು.