ಸಂಶೋಧನೆಗೆ ಕೊಟ್ಟ ಬಾವಿ

"ಅವ್ವಾರ, ಕಾಲು ಚಾಚ್ರಿ," ಎಂದು ವಿಶ್ವವಿದ್ಯಾಲಯದ ಡಾಕ್ಟರರು ಕಟ್ಟೆಯ ಮುಂದೆ ಕುಳಿತರು. ಸುಭದ್ರಾಬಾಯಿ ಸೀರೆ ಸರಿಸಿ ಕಾಲು ಚಾಚಿದಳು. ಪಕ್ಕದಲ್ಲೇ ನಿಂತಿದ್ದ ಮಗ ಜಗದೇವಪ್ಪನತ್ತ ತಿರುಗಿಯೂ ನೋಡಲಿಲ್ಲ.

ಮಣ್ಣೂರಿನಲ್ಲಿ ಪ್ರತಿ ಬೇಸಿಗೆ ನಾರುಹುಣ್ಣೆದ್ದು ಜನರ ಕಾಲಿನಿಂದ ದಾರದಂಥ ಹುಳ ಹೊರಬರುತ್ತಿತ್ತು. ಹುಣ್ಣಿನ ಕಾಲಲ್ಲಿ ಮೆಟ್ಟಿಲಿಳಿದು ತುಳಿದ ಬಾವಿನೀರನ್ನು ಕುಡಿಯುವುದರಿಂದಲೇ ಅದು ಹರಡುತ್ತದೆಂದು ತೋರಿಸಲು ಡಾಕ್ಟರರಿಗೆ ಒಂದು ಬಾವಿ ಬೇಕಿತ್ತು. ಹೋದ ವರ್ಷ, ೧೯೪೭ರಲ್ಲಿ, ಜಗದೇವಪ್ಪ ತನ್ನ ಬಾವಿಯನ್ನೇ ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟ. ಅವರು ಮೆಟ್ಟಿಲು ಮುಚ್ಚಿ ರಾಟೆ ಹಾಕಿದರು. ತನ್ನ ಮಾವ ಕಟ್ಟಿಸಿದ ಮೆಟ್ಟಿಲಿಗೆ ಗೋಡೆ ಎದ್ದ ದಿನವೇ ತಾಯಿ ಮಗನೊಡನೆ ಮಾತು ಬಿಟ್ಟಳು.

ಡಾಕ್ಟರರು ಹಿಮ್ಮಡಿ, ಮೀನಖಂಡ ಎಲ್ಲವನ್ನೂ ಒತ್ತಿ ನೋಡಿದರು. ಅವರ ಮುಖ ಅರಳಿತು. "ಏನೂ ಇಲ್ರಿ ಅವ್ವಾರ! ಈ ಬಾವಿ ನೀರು ಕುಡಿದವರಲ್ಲಿ ಯಾರಿಗೂ ಈ ವರ್ಷ ಹುಣ್ಣೆದ್ದಿಲ್ಲ!"

ಸುಭದ್ರಾಬಾಯಿ ತಾನೂ ಒಮ್ಮೆ ಕಾಲು ಸವರಿ ನೋಡಿಕೊಂಡಳು. ಪ್ರತಿ ಮುಂಗಾರು ಬಿತ್ತನೆಗೂ ಹುಣ್ಣಿನಿಂದ ಹಾಸಿಗೆ ಹಿಡಿಯುತ್ತಿದ್ದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತ ಎದ್ದು ನಿಂತಳು.

"ಏನ್ ನಿಂತ್ ನೋಡಾಕತ್ತೀಯೋ ಜಗದೇವಾ?" ಎಂದಳು. "ಬೀಜ ತಗೋ, ನಡಿ. ಬಿತ್ತಾಕ ನಾನೂ ಬರ್ತೇನಿ."