ಕಿತ್ತಳೆ ಸಿಪ್ಪೆ

ಬಕೆಟ್ ಬೋರಲಾದ ಮೇಲೆಯೇ ಅಡುಗೆಯ ಯಾಲ್ಮರನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಎರಡು ಬುಟ್ಟಿ ಕಿತ್ತಳೆಯ ಸಿಪ್ಪೆ ಹಡಗಿನ ಹಿಂದೆ ಅಟ್ಲಾಂಟಿಕ್ ನೀರಿನ ಮೇಲೆ ಹರಡಿಕೊಂಡಿತ್ತು. ಆಗಿನ್ನೂ ನಡು ಮಧ್ಯಾಹ್ನ.

ಕಸ ಚೆಲ್ಲುವುದು ಕತ್ತಲಾದ ಮೇಲೆ ಮಾತ್ರ. ತೇಲುವ ಕಸದ ಜಾಡು ಹಿಡಿದು ಜರ್ಮನರ ಸಬ್‌ಮರೀನ್ ಬರುತ್ತದೆ. ಕ್ಯಾಪ್ಟನ್ ಬರೆದುಕೊಟ್ಟ ಈ ನಿಯಮವನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದವನೇ ಯಾಲ್ಮರ್. ಆದರೆ ಇಪ್ಪತ್ತೆಂಟು ವರ್ಷ ನಾರ್ವೆಯ ಸರಕು ಹಡಗುಗಳಲ್ಲಿ ಬೇಯಿಸಿ ಬಡಿಸಿದ ಕೈ ಅದು. ಕೆಲಸ ಮುಗಿದೊಡನೆ ಬಕೆಟ್ ಎತ್ತಿ ಚೆಲ್ಲಿಬಿಟ್ಟಿತ್ತು. ಕೈಗೆ ಯುದ್ಧ ಗೊತ್ತಿರಲಿಲ್ಲ.

ಅವನ ಬೆನ್ನ ಹಿಂದೆ ಹಡಗಿನ ಬಡಗಿ ಆಸ್ಲಾಕ್ ನಿಂತಿದ್ದ.

“ನೋಡಿದ್ಯಾ?” ಎಂದ ಯಾಲ್ಮರ್.

“ನೋಡಿಲ್ಲ ಅಂತಿಟ್ಕೋ. ಇಷ್ಟು ದೊಡ್ಡ ಸಮುದ್ರ ಮಾರಾಯ, ನಿನ್ನ ಸಿಪ್ಪೆ ಯಾವನ ಕಣ್ಣಿಗೆ ಬೀಳುತ್ತೆ?”

“ಕ್ಯಾಪ್ಟನ್‌ಗೆ ಹೇಳಿದ್ರೆ ದಾರಿ ಬದಲಿಸ್ತಾರೆ.”

“ಬದಲಿಸ್ತಾರೆ. ಜೊತೆಗೆ ಎಲ್ಲರ ಮುಂದೆ ನಿನ್ನ ಮಾನಾನೂ ಹರಾಜು ಹಾಕ್ತಾರೆ. ಈ ವಯಸ್ಸಲ್ಲಿ ಬೇಕಾ ನಿಂಗೆ?”

ಆದರೂ ಯಾಲ್ಮರ್ ಕಾಫಿಯ ನೆಪ ಮಾಡಿಕೊಂಡು ಮೇಲೆ ಹೋದ. ಕ್ಯಾಪ್ಟನ್ ಹೋವ್ಲಾಂಡ್ ದುರ್ಬೀನು ಇಳಿಸಿ ಲೋಟ ತೆಗೆದುಕೊಂಡರು.

“ಒಂದು ಅಲೆ ಇಲ್ಲ ನೋಡು, ಏನು ತೇಲಿದ್ರೂ ದೂರದಿಂದ್ಲೇ ಕಾಣುತ್ತೆ. ಇಂಥಾ ದಿನ ಕಂಡ್ರೇ ನಂಗಾಗಲ್ಲ,” ಎಂದರು. ಆಮೇಲೆ ಅವನ ಮುಖ ನೋಡಿ, “ಏನಾದ್ರೂ ಹೇಳೋದಿತ್ತಾ?”

ಯಾಲ್ಮರ್ ಲೋಟದ ಕಡೆ ನೋಡಿದ. “ಸಕ್ಕರೆ ಸಾಕಾ ಅಂತ ಕೇಳೋಣ ಅಂತ.”

“ಸಾಕು.”

ಒಲೆಯ ಮೇಲೆ ಕಿತ್ತಳೆ ಜಾಮ್ ಕುದಿಯುತ್ತಿತ್ತು. ಪಾತ್ರೆಯ ಮುಚ್ಚಳ ಸದ್ದು ಮಾಡಿದರೂ ಯಾಲ್ಮರ್ ಬೆಚ್ಚುತ್ತಿದ್ದ. ಇನ್ನೊಂದು ಗಂಟೆ ನೋಡಿ ಹೇಳಿಬಿಡುವುದು ಎಂದುಕೊಂಡ. ಆ ಗಂಟೆ ಕಳೆದ ಮೇಲೆ ಮತ್ತೊಂದು ಗಂಟೆ ಎಂದುಕೊಂಡ. ನಾಲ್ಕೂವರೆಗೆ ಟಾರ್ಪೆಡೋ ಬಡಿಯಿತು.

ಹಡಗು ಮುಳುಗಲು ಆರು ನಿಮಿಷ ಸಾಕಾಯಿತು. ಇಪ್ಪತ್ತಾರು ಜನರಲ್ಲಿ ದೋಣಿ ಹತ್ತಿದವರು ಒಂಬತ್ತು. ಕ್ಯಾಪ್ಟನ್ ಇದ್ದರು, ಯಾಲ್ಮರ್ ಇದ್ದ. ಆಸ್ಲಾಕ್ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಸಬ್‌ಮರೀನ್ ಮೇಲೆದ್ದು ದೋಣಿಯ ಹತ್ತಿರ ಬಂದು ನಿಂತಿತು. ಗಡ್ಡ ಬಿಟ್ಟ ಎಳೆಯ ಅಧಿಕಾರಿಯೊಬ್ಬ ಮುರುಕು ನಾರ್ವೇಜಿಯನ್‌ನಲ್ಲಿ ಹಡಗಿನ ಹೆಸರು ಕೇಳಿ ಬರೆದುಕೊಂಡ. ನೆಲ ಯಾವ ದಿಕ್ಕಿಗಿದೆ ಎಂದು ಕೈ ತೋರಿಸಿದ. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಬಗ್ಗಿ ಕೇಳಿದ:

“ಕಿತ್ತಳೆ ಒಂದೆರಡಾದ್ರೂ ಉಳಿದಿದ್ಯಾ? ಮಧ್ಯಾಹ್ನ ನೀರ ಮೇಲೆ ಬರೀ ಸಿಪ್ಪೆ ಕಂಡ್ವಿ, ಆ ಜಾಡಲ್ಲೇ ಬಂದ್ವಿ.”

ಕ್ಯಾಪ್ಟನ್ ನಿಧಾನವಾಗಿ ಯಾಲ್ಮರನ ಕಡೆ ತಿರುಗಿದರು. ಅವನು ಸಿಪ್ಪೆಯ ಹಳದಿ ಹತ್ತಿದ ತನ್ನ ಎರಡೂ ಕೈಗಳನ್ನು ದೋಣಿಯ ಹೊರಗೆ, ತಣ್ಣನೆಯ ನೀರಿನೊಳಗೆ ಇಳಿಬಿಟ್ಟ.